ಅಂಗಡಿಯ ಋಣ, ಹನ್ನೊಂದು ತಿಂಗಳ ಕರಾರು

ನಮ್ಮ ಮನೆಮಾತಿನಲ್ಲಿ ಅದು ಕಿರಾಯ, ಬೀದಿಯ ಮಾತಿನಲ್ಲಿ ಬಾಡಿಗೆ. 'ಲೀಸ್' ಎಂದರೆ ನಮ್ಮ ಕಡೆ ಜನ ತಿಳಿಯುವುದೇ ಬೇರೆ: ದೊಡ್ಡ ಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟನ್ನು ವಾಪಸು ಪಡೆಯುವ ಭೋಗ್ಯ. ಆದರೆ ಕಾನೂನಿನ ಕಣ್ಣಿಗೆ ತಿಂಗಳ ಬಾಡಿಗೆಯ ಅಂಗಡಿಯೂ ಲೀಸೇ. ಈ ಒಂದು ಪದದ ಹಿಂದೆ ಎಷ್ಟು ಕುಟುಂಬಗಳ ಅನ್ನ ಅಡಗಿದೆ ಎಂಬುದು ಅಂಗಡಿ ಬಿಡಬೇಕಾದ ದಿನ ಬಂದಾಗಲೇ ತಿಳಿಯುತ್ತದೆ.

ಅಬ್ಬಾ ಪೇಟೆಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟದ್ದು 1968ರಲ್ಲಿ. ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ಮಳಿಗೆ. ಮೂರು ಹೊಲಿಗೆ ಮಿಷಿನು, ಒಂದು ಮೇಜು. ಮಾಲೀಕರಾದ ಹಿರಿಯ ಸಾಹುಕಾರರು ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ ಬಂದು, ಚಹಾ ಕುಡಿದು, "ಸಾಬ್ರೇ, ಈ ಸಲ ಸ್ವಲ್ಪ ಏರಿಸಿ ಕೊಡಿ" ಎನ್ನುತ್ತಿದ್ದರು. ಅಬ್ಬಾ ಏರಿಸುತ್ತಿದ್ದರು. ಬಾಡಿಗೆ ಪರಿಷ್ಕರಣೆ ಎಂದರೆ ಅಷ್ಟೇ ಆಗಿತ್ತು. ಸಾಹುಕಾರರು ತೀರಿಕೊಂಡ ಮೇಲೆ ಅವರ ಮಗ ಒಮ್ಮೆಗೇ ಎರಡೂವರೆ ಪಟ್ಟು ಕೇಳಿದರು. ಆಗದಿದ್ದರೆ ಖಾಲಿ ಮಾಡಿ ಎಂದರು. ಅಷ್ಟರಲ್ಲಿ ಅಂಗಡಿ ಭಾಯಿಜಾನರ ಕೈಗೆ ಬಂದಿತ್ತು. ನಲವತ್ತು ವರ್ಷ ಇದ್ದವರನ್ನು ಹೀಗೆ ಎಬ್ಬಿಸಲು ಬರುತ್ತದೆಯೇ ಎಂದು ಕೇಳಲು ನಾವು ವಕೀಲರ ಬಳಿ ಹೋದೆವು.

ವಕೀಲರು ಮೊದಲು ಕೇಳಿದ್ದು ಎಷ್ಟು ವರ್ಷದಿಂದ ಇದ್ದೀರಿ ಎಂದಲ್ಲ, ಅಂಗಡಿಯ ಅಳತೆ ಎಷ್ಟು ಎಂದು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಅಂಗಡಿಗಳನ್ನೂ ಕಾಯುತ್ತಿತ್ತು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಅದರ ರಕ್ಷಣೆ 14 ಚದರ ಮೀಟರ್ ಮೀರದ ಅಂಗಡಿಗಳಿಗೆ ಮಾತ್ರ. ಅಂದರೆ ಸುಮಾರು 150 ಚದರ ಅಡಿ. ಅದಕ್ಕೂ ಬಾಡಿಗೆಯ ಮಿತಿಯಿದೆ. ನಮ್ಮದು 180 ಚದರ ಅಡಿ. ಬರೀ ಮೂವತ್ತು ಚದರ ಅಡಿ, ಒಂದು ಮಿಷಿನು ಮತ್ತು ಒಂದು ಸ್ಟೂಲು ಹಿಡಿಸುವಷ್ಟು ಜಾಗ, ನಮ್ಮನ್ನು ಕಾಯಿದೆಯ ಹೊರಗೆ ನಿಲ್ಲಿಸಿತ್ತು.

ಹೊರಗೆ ನಿಂತವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 106ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯ ಅಂಗಡಿಯನ್ನು ಹದಿನೈದು ದಿನಗಳ ನೋಟಿಸಿನಿಂದ ಮುಗಿಸಬಹುದು. ನಲವತ್ತು ವರ್ಷಕ್ಕೆ ಹದಿನೈದು ದಿನ! ಹಾಗೆಂದು ನೋಟಿಸು ಕೊಟ್ಟವರು ಮರುದಿನ ಬೀಗ ಒಡೆದು ಸಾಮಾನು ಬೀದಿಗೆ ಎಸೆಯುವಂತಿಲ್ಲ. ಕೋರ್ಟಿನ ಮೂಲಕವೇ ಬಿಡಿಸಬೇಕು. ಬಲವಂತದಿಂದ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಇಷ್ಟನ್ನಾದರೂ ಪ್ರತಿ ಅಂಗಡಿಯವನೂ ತಿಳಿದಿರಬೇಕು.

ಇನ್ನು ಎಲ್ಲರ ಗಲ್ಲಾಪೆಟ್ಟಿಗೆಯಲ್ಲೂ ಇರುವ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿದ್ದು ಈ ಹನ್ನೊಂದು. ಅದು ಮಾಲೀಕನಿಗೆ ಅನುಕೂಲ. ಬಾಡಿಗೆದಾರನಿಗೆ ಪ್ರತಿ ವರ್ಷವೂ ಹೊಸ ಅಗ್ನಿಪರೀಕ್ಷೆ. ಅವಧಿ ಮುಗಿದಾಗ ನವೀಕರಣ ತಾನಾಗಿ ಬರುವುದಿಲ್ಲ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಬರುತ್ತದೆ. "ಇಬ್ಬರೂ ಒಪ್ಪಿದಂತೆ ಬಾಡಿಗೆ" ಎಂದಷ್ಟೇ ಬರೆದರೆ ಒಪ್ಪದಿದ್ದಾಗ ಗತಿಯೇನು? ನಿಶ್ಚಿತಾರ್ಥವಿಲ್ಲದ ಕರಾರು ಶೂನ್ಯವೆಂದು 1872ರ ಕರಾರು ಕಾಯಿದೆಯ 29ನೇ ಕಲಮು ಹೇಳುತ್ತದೆ.

ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿನ 1954ರ ಕಾಯಿದೆ ವ್ಯಾಪಾರದ ಬಾಡಿಗೆದಾರನಿಗೆ, ಅವನು ಅದನ್ನು ಮೊದಲೇ ಬಿಟ್ಟುಕೊಟ್ಟಿರದಿದ್ದರೆ, ನವೀಕರಣದ ಹಕ್ಕನ್ನೇ ಕೊಟ್ಟಿದೆ. ಕೊಡಲಾಗದೆಂದರೆ ಮಾಲೀಕ ಕಾಯಿದೆ ಹೇಳಿದ ಕಾರಣ ತೋರಿಸಬೇಕು. ಹೊಸ ಬಾಡಿಗೆ ಮಾರುಕಟ್ಟೆಯದೇ. ಆದರೆ ಬಾಡಿಗೆದಾರ ಅಲ್ಲಿ ಗಳಿಸಿದ ಹೆಸರಿನ ಬೆಲೆಯನ್ನು ಅದಕ್ಕೆ ಸೇರಿಸುವಂತಿಲ್ಲ. ಇದರ ನ್ಯಾಯ ನಮ್ಮ ಮನಸ್ಸಿಗೆ ಹಿಡಿಸಿತು. ಪೇಟೆಬೀದಿಯ ಆ ಜಾಗಕ್ಕೆ ಬೆಲೆ ತಂದವರಲ್ಲಿ ಅಬ್ಬಾನ ಕತ್ತರಿಯೂ ಒಂದು. ತಾನು ಏರಿಸಿದ ಬೆಲೆಗೆ ತಾನೇ ದಂಡ ತೆರುವುದೆಂದರೇನು?

ಹಾಗಾದರೆ ಬಾಡಿಗೆದಾರನೇ ಯಾವಾಗಲೂ ಸರಿಯೇ? ನಮ್ಮ ಊರಿನ ಮಸೀದಿಯ ಮಳಿಗೆಗಳನ್ನು ನೋಡಿದರೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಅಜ್ಜನ ಕಾಲದ ಕೆಲವೇ ನೂರು ರೂಪಾಯಿ ಬಾಡಿಗೆಯಲ್ಲಿ ಹಿಡಿದಿಟ್ಟುಕೊಂಡು, ಅದನ್ನೇ ಇನ್ನೊಬ್ಬರಿಗೆ ಸಾವಿರಗಳಿಗೆ ಒಳಬಾಡಿಗೆ ಕೊಟ್ಟವರಿದ್ದಾರೆ. ಬಾಡಿಗೆ ಏರಿಸೋಣವೆಂದರೆ ಅವರೂ ನಲವತ್ತು ವರ್ಷದ ಋಣದ ಮಾತನ್ನೇ ಆಡುತ್ತಾರೆ. ದೇಶದ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳ ವರ್ಷದ ಆದಾಯ ಸುಮಾರು 163 ಕೋಟಿ ರೂಪಾಯಿ ಮಾತ್ರ, ಸರಿಯಾಗಿ ಬಳಸಿದರೆ 12,000 ಕೋಟಿ ಬರಬಹುದು ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತು. ಆ ಅಂತರದಲ್ಲಿ ಎಷ್ಟು ಅನಾಥ ಮಕ್ಕಳ ಶಾಲೆಯ ಫೀಸು, ಎಷ್ಟು ವಿಧವೆಯರ ಔಷಧಿ ಕರಗಿಹೋಗಿದೆಯೋ! ಬಾಡಿಗೆಯನ್ನೇ ನಂಬಿದ ಮುದುಕಿಯರು ಖಾಸಗಿ ಮಾಲೀಕರಲ್ಲೂ ಇದ್ದಾರೆ.

ಸಾಹುಕಾರರ ಮಗನೊಂದಿಗೆ ಮೂರು ಸಲ ಕೂತು ಮಾತಾಡಿದ ಮೇಲೆ ಐದು ವರ್ಷದ ಲೀಸು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಯಿತು. ಬಾಡಿಗೆ ಒಂದೂವರೆ ಪಟ್ಟು. ಮುಂದೆ ವರ್ಷಕ್ಕೆ ನೂರಕ್ಕೆ ಏಳರಂತೆ ಏರಿಕೆ. ಮುಗಿಯುವ ಮೂರು ತಿಂಗಳ ಮುಂಚೆ ಲಿಖಿತವಾಗಿ ಕೇಳಿದರೆ ಅದೇ ಏರಿಕೆಯ ದರದಲ್ಲಿ ಇನ್ನೈದು ವರ್ಷ. ಭಾಯಿಜಾನರಿಗೆ ಅದು ಭಾರವಾಯಿತು, ಆ ಮಗನಿಗೂ ಕಡಿಮೆ ಎನಿಸಿತು. ಆದರೆ ಇಬ್ಬರಿಗೂ ಮುಂದಿನ ವರ್ಷದ ಲೆಕ್ಕ ಗೊತ್ತಿತ್ತು.

ವ್ಯಾಪಾರಸ್ಥನಿಗೆ ಬೇಕಾದದ್ದು ಅಗ್ಗದ ಬಾಡಿಗೆಗಿಂತ ಹೆಚ್ಚಾಗಿ ಈ ಲೆಕ್ಕವೇ. ಮಾಲೀಕನ ಒಳ್ಳೆಯತನ ಅವನೊಂದಿಗೇ ಮಣ್ಣಾಗುತ್ತದೆ, ಬಾಡಿಗೆದಾರನ ನಿಯತ್ತೂ ಹಾಗೆಯೇ. ಮಕ್ಕಳ ಪಾಲಿಗೆ ಉಳಿಯುವುದು ಕಾಗದ. ಆದ್ದರಿಂದ ಸ್ನೇಹ ಚೆನ್ನಾಗಿರುವಾಗಲೇ ಅದನ್ನು ಬರೆಸಿಡಬೇಕು.