ಪುತಳಿ ಸರದೊಳಗಿನ ಪರದೇಶಿ

ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆ ಪುತಳಿ ಸರವೆಂದರೆ ಹೆಣ್ಣುಮಕ್ಕಳ ಬ್ಯಾಂಕು. ಮಗಳ ಮದುವೆಗೆ ಎರಡು, ಮಗನ ಫೀಸಿಗೆ ಒಂದು ಎಂದು ಪುತಳಿ ಕಳಚುತ್ತ ಕಳಚುತ್ತ ಸರ ಗಿಡ್ಡವಾಗುತ್ತದೆ. ನಮ್ಮತ್ತೆಯವರ ಸರದಲ್ಲಿ ಕಡೆಗೆ ಉಳಿದದ್ದು ಹನ್ನೊಂದು.

ಅವರು ತೀರಿಕೊಂಡ ಮೇಲೆ ನಾದಿನಿಯ ಮಗಳಿಗೆ ಮದುವೆ ಗೊತ್ತಾಯಿತು. ಎಲ್ಲವನ್ನೂ ಕರಗಿಸಿ ಪಾಟಲಿ ಮಾಡಿಸೋಣವೆಂದು ಹುಮನಾಬಾದಿನ ಅಕ್ಕಸಾಲಿಗರಲ್ಲಿಗೆ ಹೋದೆವು. ಅವರು ಒಂದನ್ನು ಬೇರೆ ಇಟ್ಟು, "ಅಕ್ಕೋರ, ಇದೊಂದು ನಮ್ಮ ಕಡೀದಲ್ಲ ನೋಡ್ರಿ" ಎಂದರು.

ನಿಜಾಮರ ಹಾಲಿ ಸಿಕ್ಕಾ ಆಗಿದ್ದರೆ ಚಾರಮಿನಾರ ನೋಡಿ ಮಕ್ಕಳೂ ಗುರುತಿಸುತ್ತಿದ್ದರು. ಇದರ ಮುಖವೆಲ್ಲ ಸವೆದು ನುಣ್ಣಗಾಗಿತ್ತು. ಅತ್ತೆ ಮಾತ್ರ ಅದರಲ್ಲಿ ರಾಮ-ಸೀತೆಯರನ್ನು ಕಂಡು ಶುಕ್ರವಾರ ಕುಂಕುಮ ಹಚ್ಚುತ್ತಿದ್ದರು.

ಎರಡು ದಿನದ ಮಟ್ಟಿಗೆ ಕೇಳಿ ಮನೆಗೆ ತಂದೆ. ಮೇಲೆ ತೆಳು ಕಾಗದವಿಟ್ಟು ಪೆನ್ಸಿಲನ್ನು ಮೆಲ್ಲಗೆ ಆಡಿಸಿದೆ. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಮಂಡಿಯೂರಿದ್ದಾನೆ, ನಡುವೆ ಧ್ವಜದ ಕೋಲು. ಕೋಲಿನ ಪಕ್ಕ ಮೇಲಿನಿಂದ ಕೆಳಗೆ ಡಿ, ವಿ, ಎಕ್ಸ್. ಹಿಂಬದಿಗೆ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಚಿಕ್ಕೆಗಳ ನಡುವೆ ಏಸು. ನಾಣ್ಯಗಳ ಪುಸ್ತಕದಲ್ಲಿ ಇದೇ ಚಿತ್ರ ಸಿಕ್ಕಿತು: ಇಟಲಿಯ ವೆನಿಸ್ ನಗರದ ಡುಕಾಟ್! ನಿಂತವನು ಸಂತ ಮಾರ್ಕ್, ಮಂಡಿಯೂರಿದವನು ಆ ನಗರದ ಅಧಿಪತಿ, ಡೋಜ್. 1284ರಲ್ಲಿ ಶುರುವಾಗಿ 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಮುಗಿಸುವತನಕ ಅದೇ ಚಿತ್ರ, ಅದೇ ಸುಮಾರು ಮೂರೂವರೆ ಗ್ರಾಂ ಅಪರಂಜಿ. ನಮ್ಮ ಮೆಣಸಿಗೆ, ಬಟ್ಟೆಗೆ ಬೆಲೆಯಾಗಿ ಸಮುದ್ರ ದಾಟಿ ಬಂದ ಬಂಗಾರ. ಅದರ ಮೇಲೆ ಜನಕ್ಕೆ ಎಂಥ ನಂಬಿಕೆಯೆಂದರೆ ನಮ್ಮ ಅಕ್ಕಸಾಲಿಗರೂ ಅದೇ ಅಚ್ಚು ತೆಗೆದರು. ನಕಲಿನಲ್ಲಿ ಅಕ್ಷರಗಳು ಗೀಟುಗಳಾದವು, ಸಂತ ಮತ್ತು ಡೋಜ್ ಇಬ್ಬರೂ ಗೊಂಬೆಗಳಾದರು. ಗೊಂಬೆ ಎಂದರೆ ಪುತಳಿಯೇ ತಾನೆ! ಸರದ ಉಳಿದ ಹತ್ತೂ ಆ ಸಂತಾನವೇ.

"ವೈನಿ, ಯಾರ ಚಿತ್ರ ಇದ್ರೇನು, ಬಂಗಾರ ಬಂಗಾರಾನೇ ಅಲ್ಲೇನು?" ಎಂದಳು ನಾದಿನಿ. ಮದುವೆ ಖರ್ಚು ತಲೆಯ ಮೇಲಿದ್ದವಳ ಮಾತು ಸುಳ್ಳಲ್ಲ. ಆದರೂ ನನಗೆ ಮನಸ್ಸಾಗಲಿಲ್ಲ. ಡೋಜನ ಮುಖ ತಾನಾಗಿ ಸವೆದಿಲ್ಲ. ಬೀಸುವಾಗ, ಕುಟ್ಟುವಾಗ, ಮಗುವನ್ನು ಎದೆಗೆ ಹಚ್ಚಿಕೊಂಡಾಗ ನಮ್ಮ ಮನೆಯ ಹೆಂಗಸರು ಸವೆಸಿದ್ದಾರೆ. ಮಾವನವರು ಬರೆದಿಟ್ಟ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರಿವೆ, ಒಬ್ಬ ಸೊಸೆಯ ಹೆಸರೂ ಇಲ್ಲ. ಅವರೆಲ್ಲ ಸೇರಿ ಬಿಟ್ಟುಹೋದದ್ದು ಈ ಸವಕಳಿ ಒಂದೇ.

ಅದರ ತೂಕಕ್ಕೆ ಅಂದಿನ ದರ ಹಿಡಿದು ನನ್ನ ಸಂಬಳದಿಂದ ನಾದಿನಿಗೆ ಕೊಟ್ಟೆ. ಹತ್ತು ಪುತಳಿ ಪಾಟಲಿಯಾಗಿ ಹುಡುಗಿಯ ಕೈ ಸೇರಿದವು. ಹನ್ನೊಂದನೆಯದು ನಮ್ಮ ದೇವರ ಜಗಲಿಯ ಮೇಲಿದೆ. ಸಂತ ಮಾರ್ಕನೆಂದು ಗೊತ್ತಾದ ಮೇಲೂ ಶುಕ್ರವಾರದ ಕುಂಕುಮ ನಾನು ತಪ್ಪಿಸಿಲ್ಲ.

ನಿಮ್ಮ ಮನೆಯ ಹಳೆ ಸರವನ್ನು ಮೂಸೆಗೆ ಹಾಕುವ ಮುಂಚೆ ಒಮ್ಮೆ ಓರೆ ಬೆಳಕಿಗೆ ಹಿಡಿದು ನೋಡಿರಿ, ಅಕ್ಕ-ತಂಗಿಯರೇ. ಹುಣಸೆಹಣ್ಣು, ಬೂದಿ ಹಚ್ಚಿ ಮಾತ್ರ ತಿಕ್ಕಬೇಡಿರಿ. ಉಳಿದ ಒಂದೆರಡು ಅಕ್ಷರವೂ ಹೋದಾವು.