ಕೈಮುಗಿದು ಪಡೆಯುವ ಹಕ್ಕು

ನಮ್ಮ ಬೀದಿಯ ಅಜ್ಜಿಯೊಬ್ಬರ ವಿಧವಾ ವೇತನ ನಿಂತುಹೋಗಿತ್ತು. ಕಚೇರಿಯಲ್ಲಿ ‘ನಾಳೆ ಬನ್ನಿ’ ಎಂಬ ಮಾತು ಕೇಳಿ ಕೇಳಿ ಬೇಸತ್ತು, ಒಂದು ಬೆಳಿಗ್ಗೆ ಶಾಸಕರ ಮನೆಗೆ ಹೋದರು. ಜೊತೆಗೆ ನಾನೂ ಹೋದೆ. ವರಾಂಡದ ತುಂಬ ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ಪಾಸ್‌ಬುಕ್, ಪಹಣಿಯ ಜೆರಾಕ್ಸ್. ಶಾಸಕರು ‘ಏನಮ್ಮ, ಏನಾಗಬೇಕಿತ್ತು?’ ಎಂದು ವಿಚಾರಿಸಿ, ಅರ್ಜಿಯ ಅಂಚಿನಲ್ಲಿ ಷರಾ ಬರೆದು, ಪಿಎ ಕೈಯಲ್ಲಿ ಫೋನ್ ಮಾಡಿಸಿದರು. ವೇತನ ಮತ್ತೆ ಬರತೊಡಗಿತು. ‘ದೇವರಂಥ ಮನುಷ್ಯ ಕಣಪ್ಪ’ ಎಂದರು ಅಜ್ಜಿ.

ಆ ಮಾತು ನನ್ನನ್ನು ಇನ್ನೂ ಕೊರೆಯುತ್ತಿದೆ. ಶಾಸಕರ ಮೇಲೆ ನನಗೆ ಸಿಟ್ಟಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಡುರಾತ್ರಿ ಅವರಿಗೇ ಫೋನ್ ಮಾಡುತ್ತೇವೆ. ಗೃಹಪ್ರವೇಶಕ್ಕೂ ಅವರೇ ಬರಬೇಕು, ಬೀಗರ ಜಗಳವನ್ನೂ ಅವರೇ ಬಿಡಿಸಬೇಕು! ಆದರೆ ಸರ್ಕಾರ ಕೊಡಲೇಬೇಕಾದ ವೇತನಕ್ಕೆ ಅಜ್ಜಿ ಯಾಕೆ ಕೈಮುಗಿಯಬೇಕು? ಶಾಸಕರ ಮನೆಯ ದಾರಿ ಗೊತ್ತಿಲ್ಲದ ಇನ್ನೊಬ್ಬ ಅಜ್ಜಿಯ ಗತಿಯೇನು?

ಇಂಥ ಹೊತ್ತಿನಲ್ಲೆಲ್ಲ ನನಗೆ ನೆನಪಾಗುವವರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು. ಬರದ ಆ ವರ್ಷಗಳಲ್ಲಿ ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸಿ, ಕೈಪಂಪು ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರು. ಮೈಲಿಗಟ್ಟಲೆ ಕೊಡ ಹೊತ್ತವರಿಗೆ ಕೇರಿಯಲ್ಲೇ ನೀರು ಬಂದರೆ ಆ ಸಂತೋಷ ಎಂಥದ್ದಿರಬೇಕು! ಅಷ್ಟಕ್ಕೇ ನಿಂತಿದ್ದರೂ ಜನ ಅವರನ್ನು ಮರೆಯುತ್ತಿರಲಿಲ್ಲ. ಅವರು ನಿಲ್ಲಲಿಲ್ಲ. ಪಂಪು ಕೆಟ್ಟರೆ ಹಳ್ಳಿಯವನು ಬೆಂಗಳೂರಿನ ಬಸ್ಸು ಹತ್ತಬಾರದು, ತೀರ್ಮಾನ ಊರಿನ ಹತ್ತಿರವೇ ಆಗಬೇಕು ಎಂಬುದು ಅವರ ಹಟ. 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನು ಬಂತು. 1987ರಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಮಹಿಳೆಯರಿಗೆ ಶೇ. 25 ಮೀಸಲು. ಇಡೀ ದೇಶಕ್ಕೆ ಇಂಥ ಪಂಚಾಯಿತಿ ವ್ಯವಸ್ಥೆ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ನಾವು ಆರು ವರ್ಷ ಮುಂದಿದ್ದೆವು. ತನ್ನ ಕೈಯಲ್ಲಿದ್ದ ಅಧಿಕಾರವನ್ನು ತಾನೇ ಹಂಚಿಕೊಟ್ಟ ಮಂತ್ರಿಗಳು ಎಷ್ಟು ಜನ ಸಿಕ್ಕಾರು? 1988ರಲ್ಲಿ ಅವರು ತೀರಿಕೊಂಡರು.

ಅಂಥ ನಾಡಿನಲ್ಲಿ ಏನಾಯಿತು? 2016ರಲ್ಲಿ ನಾವು ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು. ಹತ್ತಿರದ ಬಾಗಿಲು ಮುಚ್ಚಿದರೆ ಜನ ದೂರದ ಬಾಗಿಲು ತಟ್ಟದೆ ಇನ್ನೇನು ಮಾಡಿಯಾರು? ಶಾಸಕರ ವರಾಂಡ ತುಂಬುವುದು ಹೀಗೆ. ಷರಾ ಬರೆದು ಒಬ್ಬರ ಕೆಲಸ ಮಾಡಿಸಿಕೊಡುವುದು ಉಪಕಾರ, ನಿಜ. ಆದರೆ ಷರಾ ಇಲ್ಲದೆಯೂ ಎಲ್ಲರ ಕೆಲಸ ಆಗುವಂತೆ ಮಾಡುವುದಕ್ಕೇ ಅಲ್ಲವೇ ನಾವು ಅವರನ್ನು ವಿಧಾನಸಭೆಗೆ ಕಳಿಸಿದ್ದು?

ಮುಂದಿನ ಸಲ ವೋಟು ಕೇಳಲು ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಇದನ್ನೇ ಕೇಳಿ.