ಯಂತ್ರದ ಪಾಠ ಮತ್ತು ಗುರುವಿನ ಒಪ್ಪಿಗೆ

ಅಧ್ಯಾಪಕರು ಹೊಸತನ್ನು ಬೇಗನೆ ಒಪ್ಪುವುದಿಲ್ಲವೆಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಕಡೆ ಹಲವು ವರ್ಷ ಪಾಠ ಹೇಳಿ ನಿವೃತ್ತನಾದ ನನಗೆ ಈ ಮಾತು ಪೂರ್ಣ ಸತ್ಯವೆಂದು ತೋರುವುದಿಲ್ಲ. ಒಪ್ಪದಿರುವುದಕ್ಕೂ ಕಾರಣಗಳಿರುತ್ತವೆ, ಅವುಗಳಲ್ಲಿ ಕೆಲವು ಧರ್ಮಸಮ್ಮತವೂ ಆಗಿರುತ್ತವೆ.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ನಾನಿನ್ನೂ ಸೇವೆಯಲ್ಲಿದ್ದೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ್ದ ‘ದೀಕ್ಷಾ’ ಜಾಲತಾಣ ಅಲ್ಲಿಯವರೆಗೆ ನಮಗೆ ಹೆಸರು ಮಾತ್ರವಾಗಿತ್ತು. ಆ ವರ್ಷ ಅದೂ, ವಾಟ್ಸಾಪ್ ಗುಂಪುಗಳೂ, ದೂರದರ್ಶನ ಚಂದನದ ‘ಸಂವೇದ’ ಪಾಠಗಳೂ ನಮ್ಮ ದಿನಚರಿಯನ್ನು ಸೇರಿದವು.

ಮನುಷ್ಯನು ಯಂತ್ರವನ್ನು ಒಪ್ಪುವುದು ಎರಡು ಭಾವನೆಗಳಿಂದ ಎಂದು ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ಪ್ರತಿಪಾದಿಸಿದರು: ಅದು ತನ್ನ ಕೆಲಸಕ್ಕೆ ಉಪಯುಕ್ತವೆಂಬುದು ಒಂದು, ಬಳಸಲು ಸುಲಭವೆಂಬುದು ಇನ್ನೊಂದು. ಬಳಕೆಯ ತೊಡಕು ನಮ್ಮಲ್ಲಿ ಬಹುಕಾಲ ಉಳಿಯಲಿಲ್ಲ. ಕಿರಿಯ ಶಿಕ್ಷಕಿಯೊಬ್ಬರು ಹಿರಿಯರ ಪಕ್ಕದಲ್ಲಿ ಕುಳಿತು ಬೇಸರಿಸದೆ ಕಲಿಸಿಕೊಟ್ಟರು. ಸುತ್ತೋಲೆಯಿಂದಾಗದ ಕೆಲಸ ಆ ತಾಳ್ಮೆಯಿಂದಾಯಿತು.

ಉಪಯೋಗದ ಪ್ರಶ್ನೆ ಮಾತ್ರ ಕಠಿಣವಾಗಿತ್ತು. ಎಷ್ಟೋ ಮನೆಗಳಲ್ಲಿ ಒಂದೇ ಫೋನು. ಅದೂ ಬೆಳಗಾದರೆ ತಂದೆಯೊಡನೆ ತೋಟಕ್ಕೆ ಹೋಗುತ್ತಿತ್ತು. ಸಂಜೆ ಮರಳಿದಾಗ ಅಣ್ಣನ ಪಾಠ ಮೊದಲು, ಕರೆನ್ಸಿ ಉಳಿದಿದ್ದರೆ ತಂಗಿಯದು. “ಮೇಷ್ಟ್ರೇ, ಪಾಠ ತಲುಪದ ಆ ಹುಡುಗಿಗೆ ನಾನು ಯಾವ ಲೆಕ್ಕದ ಗುರು?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇದನ್ನು ಹೊಸತಿನ ಮೇಲಿನ ದ್ವೇಷವೆನ್ನಲಾದೀತೇ?

ಅದೇ ಆಗಸ್ಟ್‌ನಲ್ಲಿ ರಾಜ್ಯದ ‘ವಿದ್ಯಾಗಮ’ ಯೋಜನೆ ಬಂದಿತು. ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಮಕ್ಕಳು ಸಣ್ಣ ಗುಂಪುಗಳಾಗಿ ಕೂಡಿದಾಗ ಅದೇ ಸಹೋದ್ಯೋಗಿ ತಮ್ಮ ಫೋನನ್ನು ತಾವಾಗಿಯೇ ಹೊರತೆಗೆದು, ಪಾಠದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಆ ಯೋಜನೆ ಸ್ಥಗಿತಗೊಂಡಿತು. ಯಾವ ಮಗುವೂ ಹೊರಗುಳಿಯದೆಂಬ ನಂಬಿಕೆ ದೊರೆತರೆ ಗುರುವಿನ ಮನಸ್ಸು ತಾನೇ ಒಪ್ಪುವುದೆಂಬುದನ್ನು ಆ ಎರಡು ತಿಂಗಳು ತೋರಿಸಿದ್ದವು.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ನಮಗೆಲ್ಲ ತಿಳಿದದ್ದೇ. ಗ್ರಂಥವು ಕೈಗೆ ತಲುಪದೆ ಶಾಸ್ತ್ರದಾನ ಪೂರ್ಣವಾಗದೆಂದು ಆಕೆ ಅರಿತಿದ್ದಳು. ನಮ್ಮ ಬಸದಿಗಳ ಟ್ರಸ್ಟುಗಳು ಸಮುದಾಯ ಭವನದ ಒಂದು ಕೋಣೆಯನ್ನು, ಒಂದೆರಡು ಕಂಪ್ಯೂಟರುಗಳೊಡನೆ, ಸಂಜೆಯ ಹೊತ್ತು ಊರಿನ ಎಲ್ಲ ಮಕ್ಕಳಿಗೂ ಶಿಕ್ಷಕರಿಗೂ ತೆರೆದಿಡಲಿ. ಶಿಕ್ಷಕರನ್ನು ದೂಷಿಸುವುದಕ್ಕಿಂತ ಅವರ ಹೊರೆಯಲ್ಲಿ ಪಾಲುಗೊಳ್ಳುವುದು ಶ್ರಾವಕರಿಗೆ ಒಪ್ಪುವ ಮಾರ್ಗ.